ಬೀಳಗಿಯ ಸೋದರಿಯರೂ ಚೆಲುವಿನ ಅಳತೆಗೋಲೂ

ಮುಧೋಳದ ಬೇಟೆನಾಯಿಯ ಚೆಲುವಿನ ವಿಷಯದಲ್ಲಿ ನಮ್ಮ ಕಡೆ ಭಿನ್ನಾಭಿಪ್ರಾಯವಿಲ್ಲ. ಒಳಗೆ ಸರಿದ ಹೊಟ್ಟೆ, ಆಳವಾದ ಎದೆ, ಉದ್ದನೆಯ ಕಾಲು, ಚೂಪು ಮೂತಿ. ಇಷ್ಟಿದ್ದರೆ ಕಂಡವರೆಲ್ಲ ತಲೆದೂಗುವರು. ಮೊಲದ ಬೆನ್ನು ಹತ್ತುವ ಪ್ರಾಣಿಗೆ ಬೇಕಾದ ಮೈಕಟ್ಟು ಅದು. ಕೆಲಸವೆ ಅದರ ಚೆಲುವನ್ನು ಗೊತ್ತುಮಾಡಿದೆ. ಆದರೆ ಹೆಣ್ಣಿನ ಚೆಲುವಿನ ಮಾತು ಬಂದಾಗ ಅಳತೆಗೋಲು ಯಾರ ಕೈಯಲ್ಲಿದೆ ಎಂದು ಹೇಳುವುದು ಇಷ್ಟು ಸುಲಭವಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ನಿಂತು ನೋಡಿದರೂ ಸಾಕು, ಆ ಕೋಲು ಎಷ್ಟು ಸಲ ಕೈ ಬದಲಿಸಿದೆ ಎಂಬುದು ಕಾಣುತ್ತದೆ.

ಇಲ್ಲಿಂದ ಬಾದಾಮಿ ಬಹಳ ದೂರವಲ್ಲ. ಅಲ್ಲಿಯ ಮೂರನೆಯ ಗುಹೆ 578ರದು. ಕಂಬಗಳ ಮೇಲಿನ ದಂಪತಿಶಿಲ್ಪಗಳಲ್ಲಿ ಹೆಂಗಸರ ತುಟಿ ದಪ್ಪ, ನಿತಂಬ ವಿಶಾಲ, ಮೈಮೇಲೆ ಬಟ್ಟೆಗಿಂತ ಒಡವೆಯೆ ಹೆಚ್ಚು. ಶಿಲ್ಪಿ ಇದನ್ನು ನಾಚಿ ಕೆತ್ತಿದಂತೆ ಕಾಣುವುದಿಲ್ಲ. ದೇವರ ಗುಡಿಗೆ ಇದು ತಕ್ಕುದೆಂದೆ ಅವನ ಕಾಲ ಬಗೆದಿತ್ತು. ಹತ್ತನೆಯ ಶತಮಾನದ ರನ್ನ ಮುಧೋಳದವನು, ಬಳೆಗಾರರ ಕುಲದವನು. ಹೆಣ್ಣಿನ ಕೈಯನ್ನು ಬಳೆಗಾರನಿಗಿಂತ ಹತ್ತಿರದಿಂದ ಬಲ್ಲವರು ಯಾರು? ಅವನ ಗದಾಯುದ್ಧದ ಕಥೆಯೆಲ್ಲ ಬಿಚ್ಚಿದ ಒಂದು ಮುಡಿಯ ಸುತ್ತ ತಿರುಗುತ್ತದೆ. ಆ ಮುಡಿಯ ಒಡತಿ ದ್ರೌಪದಿಯಾದರೊ ಮೈಬಣ್ಣದಿಂದಲೆ ಕೃಷ್ಣೆ ಎನಿಸಿಕೊಂಡವಳು. ಕಪ್ಪೆಂಬ ಕಾರಣಕ್ಕೆ ಅವಳನ್ನು ಒಲ್ಲೆನೆಂದ ಅರಸನನ್ನು ನಾನು ಭಾರತದಲ್ಲಿ ಕಂಡಿಲ್ಲ. ಇಂದಿನ ವಧೂವರರ ಜಾಹೀರಾತಿನ ಮಾತು ಬೇರೆ.

ಮುಂದೆ ಕೋಲು ಅಚ್ಚಿನ ಯಂತ್ರದ ಕೈಗೆ ಬಂದಿತು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ತೊಡಗಿದ ಮೇಲೆ ಲಕ್ಷ್ಮೀ ಸರಸ್ವತಿಯರು ಸಾಮಾನ್ಯರ ಗೋಡೆಗೂ ಬಂದರು. ಅವರ ಬಣ್ಣ ಬಿಳುಪು, ಮೈ ತುಂಬ ಸೀರೆ. ಅವನ ಪುರಾಣದ ನಾಯಿಕೆಯರಲ್ಲಿ ಅನೇಕರು ಉಟ್ಟದ್ದು ಮರಾಠಿ ಕಚ್ಚೆಸೀರೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಇಲ್ಲಿಯ ದೊಡ್ಡವರ ಕಣ್ಣು ಪುಣೆ ಸಾಂಗಲಿಗಳ ಕಡೆಗಿತ್ತು. ದೊರೆಯ ಕಣ್ಣು ಹೊರಳಿದತ್ತ ಊರಿನ ಕಣ್ಣೂ ಹೊರಳುವುದು. ರಬಕವಿ-ಬನಹಟ್ಟಿಯ ನೇಕಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪೇಟೆಯಲ್ಲಿ ನಡೆಯುವ ಅಂಚೆ ಅವನ ಮಗ್ಗಕ್ಕೆ ಚೆಲುವಾದ ಅಂಚು.

ಆ ಕಾಲದ ಮರಾಠಿ ಸೀಮೆಯಲ್ಲಿ ಹೆಣ್ಣಿನ ಚೆಲುವಿಗೆ ಮಾದರಿಯಾಗಿದ್ದವರು ಯಾರು? ಒಬ್ಬ ಗಂಡಸು. ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವ. ಹುಟ್ಟಿದ್ದು 1888ರಲ್ಲಿ, 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿದರು. (ಆ ಮಂಡಳಿಯ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಗುರ್ಲಹೊಸೂರಿನಲ್ಲಿ ಹುಟ್ಟಿದವರೆಂಬುದನ್ನು ವಾಚಕರು ನೆನೆಯಬಹುದು.) 1913ರಲ್ಲಿ ಗಂಧರ್ವರ ಸ್ವಂತ ಮಂಡಳಿಯಾಯಿತು. ಅವರು ರಂಗದಲ್ಲಿ ಉಟ್ಟ ಸೀರೆಯ ನೆರಿಗೆ, ಮುಡಿಗೆ ಸುತ್ತಿದ ಹೂವು, ಇಟ್ಟ ಮೂಗುತಿ ಇವುಗಳನ್ನು ಕಂಡು ಬಂದ ಕುಲೀನ ಗೃಹಿಣಿಯರು ಮನೆಯಲ್ಲಿ ಹಾಗೆಯೆ ಉಡುವರು, ಮುಡಿಯುವರು. ಹೆಣ್ಣು ಹೆಣ್ಣಾಗುವುದನ್ನು ಗಂಡಿನಿಂದ ಕಲಿತಳು! ಇದೇನು ನಮ್ಮಲ್ಲಿಯೆ ಆದ ವಿಪರೀತವಲ್ಲ. ಜಪಾನಿನ ಕಬುಕಿ ರಂಗದಿಂದ 1629ರಲ್ಲಿ ಹೆಂಗಸರನ್ನು ಸರಕಾರವೆ ಹೊರಗೆ ಹಾಕಿತು. ಆಮೇಲೆ ಬಂದ ಒನ್ನಗಾತ ಎಂಬ ಸ್ತ್ರೀವೇಷದ ನಟರು ಅಲ್ಲಿಯ ಪಟ್ಟಣದ ಹೆಂಗಸರಿಗೆ ಉಡುಗೆತೊಡುಗೆಯ ಗುರುಗಳಾದರು. ಮರ್ಯಾದಸ್ಥ ಹೆಣ್ಣು ರಂಗವೇರಬಾರದೆಂಬ ಕಟ್ಟು ಇದ್ದಲ್ಲಿ ಹೆಣ್ಣಿನ ಚಿತ್ರವನ್ನು ಬರೆಯುವ ಕೆಲಸ ಗಂಡಿನ ಪಾಲಿಗೆ ಬರುವುದು. ಗಂಡು ಬರೆದದ್ದು ತನಗೆ ಬೇಕಾದ ಹೆಣ್ಣನ್ನು. ಮುಟ್ಟು, ಬಸಿರು, ಒಲೆಯ ಹೊಗೆ ಇವು ಯಾವುವೂ ತಾಗದ ಹೆಣ್ಣನ್ನು.

ಇಂಥ ಪ್ರತಿಮೆಯ ಎದುರಿಗೆ ಬೀಳಗಿಯ ಗೋಹರಬಾಯಿ ಬಂದು ನಿಂತಳು. 1938ರ ಸುಮಾರಿಗೆ ಆಕೆ ಗಂಧರ್ವ ಮಂಡಳಿಯನ್ನು ಸೇರಿದಾಗ ಬಾಲಗಂಧರ್ವರಿಗೆ ಐವತ್ತು. ಅವರ ಗಾಯಕಿಯನ್ನೆ ಆರಾಧಿಸಿ ಕಂಠಗತ ಮಾಡಿಕೊಂಡಿದ್ದಳು. ಆದರೂ ರಸಿಕರಿಗೆ ನಿಜವಾದ ಹೆಣ್ಣು ಸಾಲಲಿಲ್ಲ. ಮೈ ಭಾರವಾದ, ವಯಸ್ಸಾದ ಗಂಧರ್ವರೆ ಸ್ತ್ರೀಪಾತ್ರದಲ್ಲಿ ಬೇಕಾಯಿತು. ಗೋಹರಳ ರೂಪವನ್ನು ಅವರ ವೇಷದ ಪಕ್ಕದಲ್ಲಿಟ್ಟು ತೂಗಿದರು. ಆಕೆ ಮುಸಲ್ಮಾನಳು, ಕನ್ನಡತಿ, ಕಲಾವಂತರ ಮನೆಯವಳು. ಇವೂ ತಕ್ಕಡಿಯಲ್ಲಿ ಬಿದ್ದವು. ಗಂಧರ್ವರ ಅವನತಿಗೆ ಈಕೆಯೆ ಕಾರಣವೆಂದು ಆಡಿದವರು ಬಹಳ. ಮಂಡಳಿಯ ಸಾಲವಾದರೊ ಈಕೆ ಬರುವುದಕ್ಕಿಂತ ಎಷ್ಟೋ ಮೊದಲಿನದು. 1951ರಲ್ಲಿ ಅವರಿಬ್ಬರೂ ಮದುವೆಯಾದರು. ಆಗಲೂ ಮಾತು ನಿಲ್ಲಲಿಲ್ಲ. ಕುರೂಪಿ ಎನ್ನುವ ಮಾತಿನಲ್ಲಿ ಮೂಗು ಕಣ್ಣುಗಳ ಪಾಲು ಎಷ್ಟು, ಜಾತಿಮತಗಳ ಪಾಲು ಎಷ್ಟು ಎಂದು ಬಿಡಿಸಿ ನೋಡುವ ತಾಳ್ಮೆ ಆಡಿಕೊಂಡವರಿಗೆ ಇರಲಿಲ್ಲ.

ಆಕೆಯ ಸೋದರಿ ಅಮೀರಬಾಯಿ ಕರ್ನಾಟಕಿಯ ದಾರಿ ಬೇರೆ. ಆಕೆ ಮುಂಬಯಿಯ ಸಿನಿಮಾಕ್ಕೆ ಹೋದಳು. ಮೊದಮೊದಲು ಚಿತ್ರದಲ್ಲಿ ಹಾಡುವವಳೆ ಅಭಿನಯಿಸಬೇಕು, ಅಭಿನಯಿಸುವವಳೆ ಹಾಡಬೇಕು. ಮುಖದ ಕೊರತೆಯನ್ನು ಕಂಠ ತುಂಬಿಕೊಡುತ್ತಿತ್ತು, ಕಂಠದ್ದನ್ನು ಮುಖ. ಹಿನ್ನೆಲೆ ಗಾಯನ ಬಂದ ಮೇಲೆ ಈ ಒಪ್ಪಂದ ಮುರಿಯಿತು. 1943ರ ‘ಕಿಸ್ಮತ್’ ಚಿತ್ರದ ನಾಯಿಕೆ ಮುಮ್ತಾಜ್ ಶಾಂತಿ. ಆಕೆ ತುಟಿಯಾಡಿಸಿದ ಹಾಡುಗಳನ್ನು ಅನಿಲ ಬಿಸ್ವಾಸರ ಸಂಗೀತದಲ್ಲಿ ಹಾಡಿದವಳು ಅಮೀರಬಾಯಿ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಬೀಳಗಿಯಂಥ ಊರಿನ ಕಂಠವನ್ನು ದೇಶವೆಲ್ಲ ಮೆಚ್ಚಿತು. ಮೆಚ್ಚುವಾಗ ಕಣ್ಣೆದುರು ಇದ್ದುದು ಬೇರೆ ಮುಖ. ಅಂದಿನಿಂದ ಪರದೆಯ ಮೇಲಿನ ಚೆಲುವೆಗೆ ಹಾಡು ಬರಬೇಕೆಂಬ ಕಟ್ಟಳೆ ಉಳಿಯಲಿಲ್ಲ, ಹಾಡುವವಳಿಗೆ ಚೆಲುವೆಯಾಗಬೇಕೆಂಬ ಕಟ್ಟಳೆಯೂ ತಪ್ಪಿತು. ಎರಡನೆಯದು ಬಿಡುಗಡೆಯೊ, ಮರೆಮಾಚುವುದೊ ಎಂಬುದನ್ನು ಅಮೀರಬಾಯಿಯನ್ನೆ ಕೇಳಬೇಕಾಗಿತ್ತು. ಆಕೆ 1965ರಲ್ಲಿ ತೀರಿಕೊಂಡಳು. ಎರಡು ವರ್ಷಗಳ ತರುವಾಯ, 1967ರಲ್ಲಿ, ಬಾಲಗಂಧರ್ವರೂ ಹೋದರು. ಬೀದಿಯ ಅಂಗಡಿಯ ರೇಡಿಯೋದಲ್ಲಿ ‘ಕಿಸ್ಮತ್’ದ ಹಾಡು ಬಂದಾಗ ನಾನು ನಿಂತು ಕೇಳುವುದುಂಟು, ಇದು ಬೀಳಗಿಯವಳದೆಂದು ಜೊತೆಯವರಿಗೆ ಹೇಳಿದರೆ ಅರ್ಧಕ್ಕರ್ಧ ಜನ ನಂಬುವುದಿಲ್ಲ.