ಹಳೆಯ ಯಂತ್ರಕ್ಕೆ ಹೊಸ ಬುದ್ಧಿ

ಮಿಲ್ಲಿಂಗ್ ಯಂತ್ರ ಎಂದೊಡನೆ ನಮ್ಮ ಕಲಬುರ್ಗಿ, ರಾಯಚೂರು ಕಡೆಯ ತಾಯಂದಿರಿಗೆ ಜೋಳ ಬೀಸುವ ಗಿರಣಿಯೇ ನೆನಪಾಗುವುದು ಸಹಜ. ಆದರೆ ಈ ಲೇಖನದ ಯಂತ್ರ ಕಾಳನ್ನು ಬೀಸುವುದಲ್ಲ, ಕಬ್ಬಿಣವನ್ನು ಕೊರೆಯುವುದು. ರಾಜ್ಯೋತ್ಸವದ ಸಂಚಿಕೆಯಲ್ಲಿ ಅರಸರ, ಕವಿಗಳ, ಶಾಸನಗಳ ವಿಷಯವನ್ನು ಓದುವುದು ನಮಗೆ ರೂಢಿ. ಅವುಗಳ ನಡುವೆ ಎಣ್ಣೆ ಮೆತ್ತಿದ ಈ ಯಂತ್ರಕ್ಕೇಕೆ ಸ್ಥಳವೆಂದು ಯಾರಾದರೂ ಕೇಳಬಹುದು. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ಕನ್ನಡಿಗರಲ್ಲಿ ಬಾಲಾನಗರದ, ಸನತ್‌ನಗರದ ಕಾರ್ಖಾನೆಗಳ ಗೇಟು ಹೊಕ್ಕವರೂ ಇದ್ದಾರೆ. ಅವರ ಕೈಕೆಲಸವೂ ನಮ್ಮ ಇತಿಹಾಸವೇ ಎಂಬುದು ನಮ್ಮ ಉತ್ತರ.

ಮೊದಲು ಯಂತ್ರದ ಪರಿಚಯ. ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಉಳಿ ಅದಕ್ಕೆ ತಾಗುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುಗುಮುರುಗು: ಹಲ್ಲುಳ್ಳ ಕಟ್ಟರು ತಿರುಗುತ್ತದೆ, ತುಂಡನ್ನು ಹೊತ್ತ ಟೇಬಲ್ಲು ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ, ಮೇಲಕ್ಕೆ ಕೆಳಕ್ಕೆ ಸರಿಯುತ್ತದೆ. ಈ ಮೂರು ಚಲನೆಗಳಿಗೂ ಒಂದೊಂದು ಕೈಚಕ್ರ, ಒಂದೊಂದು ಉದ್ದನೆಯ ಸ್ಕ್ರೂ. ಚಕ್ರ ತಿರುವುವವನ ಕಣ್ಣು, ಕೈ, ಕಿವಿ ಮೂರೂ ಒಂದಾದರೆ ಕೆಲಸ ಚೊಕ್ಕಟ. ಇಲ್ಲವಾದರೆ ತುಂಡು ಗುಜರಿಗೆ.

ಈ ಜಾತಿಯ ಯಂತ್ರಗಳಿಗೂ ಈ ನಗರಕ್ಕೂ ನಂಟು ಹಳೆಯದು. ನಿಜಾಮರ ಆಳ್ವಿಕೆಯಲ್ಲಿಯೇ, 1943ರಲ್ಲಿ, ಸಿಕಂದರಾಬಾದಿನಲ್ಲಿ ಪ್ರಾಗಾ ಟೂಲ್ಸ್ ಸಂಸ್ಥೆ ಹುಟ್ಟಿತು. ಆಗ ಕಲಬುರ್ಗಿ, ಬೀದರ, ರಾಯಚೂರು ಇವೆಲ್ಲ ಹೈದರಾಬಾದು ಸಂಸ್ಥಾನದ ಜಿಲ್ಲೆಗಳಾಗಿದ್ದವು. ಅಲ್ಲಿಯ ಹುಡುಗನಿಗೆ ಈ ನಗರ ಪರಸ್ಥಳವಲ್ಲ, ರಾಜಧಾನಿ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕೆಲಸ ಹಿಡಿದು ಇಲ್ಲಿ ನೆಲೆಸಿದ್ದ ಕುಟುಂಬಗಳು ಮಾತ್ರ ಇಲ್ಲಿಯೇ ಉಳಿದವು. ಇದ್ದ ಊರಿನಲ್ಲಿಯೇ ಇದ್ದು ಹೊರನಾಡಿನವರಾದದ್ದು ನಮ್ಮ ಪಾಲಿಗೆ ಬಂದ ಒಂದು ವಿಚಿತ್ರ.

ಅತ್ತ ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., ಸ್ಥಾಪನೆಯಾಯಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ನೆರವಿನಿಂದ ಲೇತುಗಳನ್ನೂ, ಜರ್ಮನಿಯ ಫ್ರಿಟ್ಸ್ ವರ್ನರ್ ಕಂಪೆನಿಯ ನೆರವಿನಿಂದ ಮಿಲ್ಲಿಂಗ್ ಯಂತ್ರಗಳನ್ನೂ ಅದು ತಯಾರಿಸಿತು. 1961ರಲ್ಲಿ ಬೆಂಗಳೂರಿನಲ್ಲಿಯೇ ಎರಡನೆಯ ಕಾರ್ಖಾನೆ, ಬಳಿಕ ಪಿಂಜೋರ್, ಕಳಮಶ್ಶೇರಿ. 1960ರ ದಶಕದ ಮಧ್ಯಭಾಗದಲ್ಲಿ ಹೈದರಾಬಾದು. ಭಾರತ್ ಫ್ರಿಟ್ಸ್ ವರ್ನರ್ ಎಂಬ ಇನ್ನೊಂದು ಸಂಸ್ಥೆಯೂ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮಿಲ್ಲಿಂಗ್ ಯಂತ್ರಗಳಿಗೆ ಹೆಸರಾಯಿತು. 1968ರಲ್ಲಿ ವಿಶ್ವಸಂಸ್ಥೆಯ ಸಹಾಯದಿಂದ ಬಾಲಾನಗರದಲ್ಲಿ ಉಪಕರಣ ವಿನ್ಯಾಸದ ಕೇಂದ್ರ ಸಂಸ್ಥೆ ತೆರೆಯಿತು. ಹೀಗೆ ಬೆಂಗಳೂರಿನ ಯಂತ್ರಗಳೂ ಸಿಕಂದರಾಬಾದಿನ ಯಂತ್ರಗಳೂ ಇಲ್ಲಿಯ ಶೆಡ್ಡುಗಳಲ್ಲಿ ಅಕ್ಕಪಕ್ಕ ನಿಂತವು. ಪ್ರಾಗಾ ಸಂಸ್ಥೆಯೂ ಕಡೆಗೆ ಎಚ್.ಎಂ.ಟಿ. ಬಳಗಕ್ಕೇ ಸೇರಿತು.

ಈಗ ಕಡಲಾಚೆಯ ಒಂದು ಸಂಗತಿಯನ್ನು ಹೇಳಬೇಕು. ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಎಂಬಾತ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ. ರೆಕ್ಕೆಯ ಬಾಗನ್ನು ನೂರಾರು ಬಿಂದುಗಳಾಗಿ ಲೆಕ್ಕ ಹಾಕಿ, ಆ ಅಂಕಿಗಳಿಂದಲೇ ಯಂತ್ರವನ್ನು ನಡೆಸಬಾರದೇಕೆ ಎಂಬ ವಿಚಾರ ಅವನಿಗೆ ಹೊಳೆಯಿತು. 1949ರಲ್ಲಿ ಅಲ್ಲಿಯ ವಾಯುಪಡೆ ಹಣ ಕೊಟ್ಟಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಶಾಲೆ ಕೆಲಸವನ್ನು ಕೈಗೊಂಡಿತು. 1952ರಲ್ಲಿ ಅಂಕಿಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರ ಜನರ ಮುಂದೆ ಪ್ರದರ್ಶಿತವಾಯಿತು. ರಂಧ್ರ ಕೊರೆದ ಪಟ್ಟಿಯೇ ಅದರ ಓಲೆ. ನೂರಾರು ನಿರ್ವಾತ ಕೊಳವೆಗಳು ತುಂಬಿದ ಬೀರುಗಳೇ ಅದರ ಮೆದುಳು.

ವಾಚಕರು ಗಮನಿಸಬೇಕಾದ ವಿಷಯ ಇದು: ಆ ಯಂತ್ರವನ್ನು ಹೊಸದಾಗಿ ಎರಕ ಹೊಯ್ದು ಕಟ್ಟಿರಲಿಲ್ಲ. ಸಿನ್‌ಸಿನಾಟಿ ಕಂಪೆನಿಯ ಹೈಡ್ರೋಟೆಲ್ ಎಂಬ ರೂಢಿಯ ಯಂತ್ರವೊಂದನ್ನು ತೆಗೆದುಕೊಂಡು, ಅದಕ್ಕೆ ಹೊಸ ಚಾಲಕಗಳನ್ನೂ ಹೊಸ ನಿಯಂತ್ರಣವನ್ನೂ ಜೋಡಿಸಿದ್ದರು. ಅಂದರೆ ಈ ವಿದ್ಯೆ ಹುಟ್ಟಿದ್ದೇ ಇದ್ದ ಯಂತ್ರದ ಮಾರ್ಪಾಟಿನಲ್ಲಿ! ಹಳೆಯ ಯಂತ್ರಕ್ಕೆ ಗಣಕ ಜೋಡಿಸುವವರನ್ನು ತೇಪೆ ಹಾಕುವವರೆಂದು ಹಗುರವಾಗಿ ಕಾಣುವವರು ಇದನ್ನು ನೆನಪಿಡುವುದು ಒಳ್ಳೆಯದು. 1970ರ ದಶಕದಲ್ಲಿ ಕಿರುಗಣಕಗಳು ಬಂದ ಮೇಲೆ ಬೀರುಗಳಷ್ಟು ದೊಡ್ಡದಾಗಿದ್ದ ಮೆದುಳು ಪೆಟ್ಟಿಗೆಯಷ್ಟಾಯಿತು. ‘ಸಿ.ಎನ್.ಸಿ.’ ಎಂಬ ಮೂರಕ್ಷರ ನಮ್ಮ ಹುಡುಗರ ಬಾಯಿಗೆ ಬಂದದ್ದು ಹೀಗೆ.

ಹೈದರಾಬಾದಿಗೆ ಇದರ ಅಗತ್ಯ ಬಿದ್ದದ್ದೇಕೆ? 1970ರಲ್ಲಿ ಭಾರತ್ ಡೈನಾಮಿಕ್ಸ್, 1971ರಲ್ಲಿ ಪರಮಾಣು ಇಂಧನ ಸಂಕೀರ್ಣ, 1973ರಲ್ಲಿ ಮಿಶ್ರ ಧಾತು ನಿಗಮ: ಹೀಗೆ ಸೂಕ್ಷ್ಮ ಕೆಲಸ ಬೇಡುವ ದೊಡ್ಡ ಸಂಸ್ಥೆಗಳು ಒಂದರ ಹಿಂದೊಂದು ಈ ಊರಿಗೆ ಬಂದವು. ಇಂಥ ಕೆಲಸದಲ್ಲಿ ಒಂದೇ ಭಾಗ ಲಕ್ಷಗಟ್ಟಲೆ ಬೇಕಾಗುವುದಿಲ್ಲ. ಹತ್ತು, ಇಪ್ಪತ್ತು ಬೇಕು, ಆದರೆ ಇಪ್ಪತ್ತೂ ಒಂದೇ ಅಚ್ಚಿನಂತಿರಬೇಕು. ಸಣ್ಣ ಶೆಡ್ಡಿನ ಯಜಮಾನನಿಗೆ ಹೊಸ ಸಿ.ಎನ್.ಸಿ. ಯಂತ್ರ ಕೊಳ್ಳುವ ತ್ರಾಣವಿಲ್ಲ. ಕೈಚಕ್ರದ ಯಂತ್ರದಲ್ಲಿ ಗಡುವಿಗೆ ಮುಗಿಯುವುದಿಲ್ಲ. 1991ರ ಬಳಿಕ ಆಮದು ಸಡಿಲಗೊಂಡು, ವಿದೇಶೀ ನಿಯಂತ್ರಣಗಳು ಸುಲಭವಾಗಿ ದೊರೆಯತೊಡಗಿದವು. ದೊಡ್ಡ ಕಾರ್ಖಾನೆಗಳು ಹರಾಜು ಹಾಕಿದ ಹಳೆಯ ಯಂತ್ರಗಳೂ ಮಾರುಕಟ್ಟೆಗೆ ಬಂದವು. ಇವೆರಡನ್ನೂ ಒಂದುಗೂಡಿಸುವ ದಾರಿ ತಾನಾಗಿಯೇ ತೆರೆಯಿತು.

ಕೆಲಸದ ಕ್ರಮ ಸ್ಥೂಲವಾಗಿ ಹೀಗೆ. ಕೈಚಕ್ರಗಳನ್ನೂ ಹಳೆಯ ಸ್ಕ್ರೂಗಳನ್ನೂ ಬಿಚ್ಚುತ್ತಾರೆ. ಅವುಗಳ ಸ್ಥಾನದಲ್ಲಿ, ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುವ ಬಾಲ್‌ಸ್ಕ್ರೂಗಳನ್ನು ಕೂರಿಸುತ್ತಾರೆ. ಅವನ್ನು ತಿರುಗಿಸಲು ಸರ್ವೋ ಮೋಟಾರು; ಮೋಟಾರು ಎಷ್ಟು ತಿರುಗಿತೆಂದು ಎಣಿಸಲು ಎನ್‌ಕೋಡರು; ಎಲ್ಲಕ್ಕೂ ಮೇಲೆ ಗಣಕ. ಸ್ಕ್ರೂವಿನ ಒಂದು ಸುತ್ತಿಗೆ ಟೇಬಲ್ಲು 5 ಮಿಲಿಮೀಟರು ಸರಿಯುತ್ತದೆ, ಮೋಟಾರು ಸ್ಕ್ರೂವಿಗೆ ನೇರ ಜೋಡಣೆಯಾಗಿದೆ, ಒಂದು ಸುತ್ತನ್ನು 10,000 ಭಾಗಗಳಾಗಿ ಎಣಿಸುತ್ತೇವೆ ಎಂದುಕೊಳ್ಳಿ. ಒಂದೊಂದು ಭಾಗಕ್ಕೆ 0.0005 ಮಿಲಿಮೀಟರಾಯಿತು. ತಲೆಗೂದಲಿನ ದಪ್ಪದಲ್ಲಿ ಇಂಥ ನೂರಕ್ಕೂ ಹೆಚ್ಚು ಭಾಗಗಳು ಹಿಡಿಸುತ್ತವೆ.

ಆದರೆ ಕಾಗದದ ಲೆಕ್ಕ ಬೇರೆ, ಕಬ್ಬಿಣದ ಲೆಕ್ಕ ಬೇರೆ. ಸವೆದ ಹಳೆಯ ಸ್ಕ್ರೂವಿನಲ್ಲಿ 0.3 ಮಿಲಿಮೀಟರಿನ ‘ಪ್ಲೇ’ ಇದ್ದರೆ, ದಿಕ್ಕು ಬದಲಿಸುವಾಗಲೆಲ್ಲ ಅಂಥ 600 ಭಾಗಗಳು ಟೇಬಲ್ಲನ್ನು ಅಲುಗಿಸದೆ ವ್ಯರ್ಥವಾಗುತ್ತವೆ. ಕೈಯಲ್ಲಿ ನಡೆಸುವ ಕಸಬುದಾರ ಈ ಸಡಿಲವನ್ನು ಬೆರಳಿನಿಂದಲೇ ತಿಳಿದು, ಚಕ್ರವನ್ನು ತುಸು ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ಒತ್ತಿ ಸರಿಪಡಿಸಿಕೊಳ್ಳುತ್ತಿದ್ದ. ಗಣಕಕ್ಕೆ ಬೆರಳಿಲ್ಲ. ತಪ್ಪು ಇದ್ದರೆ ಅದು ಆ ತಪ್ಪನ್ನೇ ಇಪ್ಪತ್ತು ತುಂಡುಗಳ ಮೇಲೂ ಶ್ರದ್ಧೆಯಿಂದ ಮೂಡಿಸುತ್ತದೆ.

ಬಾಲಾನಗರದ ಒಂದು ಶೆಡ್ಡಿನಲ್ಲಿ ನಾನು ಕಂಡ ಪ್ರಸಂಗವಿದು. ಹಳೆಯ ಯಂತ್ರಕ್ಕೆ ಹೊಸ ಮೋಟಾರು, ಹೊಸ ಸ್ಕ್ರೂ, ಹೊಸ ಗಣಕ ಎಲ್ಲವೂ ಬಂದಿದ್ದವು. ಆದರೆ ಗುಂಡಗೆ ಕೊರೆಯಬೇಕಾದ ರಂಧ್ರ ಗುಂಡಗಾಗುತ್ತಿರಲಿಲ್ಲ. ಟೇಬಲ್ಲನ್ನು ಕೊನೆಯವರೆಗೆ ಓಡಿಸಿದರೆ ಮೋಟಾರು ಮುನಿದು ನಿಲ್ಲುತ್ತಿತ್ತು. ಬೀದರ ಕಡೆಯ ಹುಡುಗನೊಬ್ಬ ಎರಡು ದಿನ ಅಂಕಿಗಳನ್ನು ತಿದ್ದಿ ಸೋತು, ನಿವೃತ್ತರಾಗಿದ್ದ ಫಿಟ್ಟರೊಬ್ಬರನ್ನು ಕರೆತಂದ.

“ಕಾಕಾ, ಲೆಕ್ಕ ಎಲ್ಲಾ ಸರಿ ಅದ, ಆದ್ರ ಗೋಲ ಬರವಲ್ದು,” ಎಂದ.

ಅವರು ಟೇಬಲ್ಲಿನ ಮೇಲೆ ಅಂಗೈ ಆಡಿಸಿ, ಡಯಲ್ ಗೇಜು ಇಟ್ಟು ನೋಡಿ, “ಲೆಕ್ಕ ಸರಿ ಅದ ತಮ್ಮಾ, ಮೈ ಸರಿ ಇಲ್ಲ,” ಎಂದರು.

ಕಾರಣ ಸರಳ. ವರ್ಷಾನುಗಟ್ಟಲೆ ನಡುವಿನಲ್ಲಿಯೇ ಕೆಲಸ ಮಾಡಿದ ಯಂತ್ರದ ದಾರಿ ನಡುವಿನಲ್ಲಿ ಸವೆದಿತ್ತು, ತುದಿಗಳಲ್ಲಿ ಹೊಸದಾಗಿಯೇ ಉಳಿದಿತ್ತು. ನಡುವಿಗೆ ಸರಿಯಾಗಿ ಜಿಬ್ ಬಿಗಿದರೆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತುದಿಗೆ ಸರಿಯಾಗಿ ಬಿಟ್ಟರೆ ನಡುವಿನಲ್ಲಿ ಅಲುಗಾಡುತ್ತದೆ. ಹಣ ಉಳಿಸಲೆಂದು ಯಾರೋ ಸ್ಕ್ರೇಪಿಂಗ್ ಕೆಲಸವನ್ನೇ ಬಿಟ್ಟುಬಿಟ್ಟಿದ್ದರು. ಫಿಟ್ಟರು ಟೇಬಲ್ಲನ್ನು ಇಳಿಸಿ, ಸಮಪಟ್ಟಿಗೆ ನೀಲಿ ಬಣ್ಣ ಸವರಿ, ದಾರಿಯ ಮೇಲೆ ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಕೈ ಉಳಿಯಿಂದ ಹೆರೆದರು. ಮತ್ತೆ ನೀಲಿ, ಮತ್ತೆ ಹೆರೆತ. ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ರಂಧ್ರ ಗುಂಡಗೆ ಬಂತು.

ಹಳೆಯ ಎರಕದ ಕಬ್ಬಿಣದ ಗುಣವನ್ನೂ ಇಲ್ಲಿ ಹೇಳಬೇಕು. ಎರಕ ಆರುವಾಗ ಅದರೊಳಗೆ ಒಂದು ಬಗೆಯ ಬಿಗಿತ ಉಳಿಯುತ್ತದೆ. ಅದು ಸಡಿಲಲೆಂದು ಹಿಂದಿನವರು ಎರಕಗಳನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಡುತ್ತಿದ್ದರು. ಹತ್ತಾರು ವರ್ಷ ದುಡಿದ ಯಂತ್ರದ ಮೈ ಇನ್ನು ಸುಲಭವಾಗಿ ಸೊಟ್ಟಗಾಗದು. ಹಾಗೆಂದು ಎಲ್ಲ ಹಳೆಯ ಯಂತ್ರಗಳೂ ಈ ಉಪಚಾರಕ್ಕೆ ಅರ್ಹವೆಂದು ಹೇಳಲಾಗದು. ಬಿರುಕು ಬಿಟ್ಟ ಎರಕಕ್ಕೆ, ಮುಖ್ಯ ಸ್ಪಿಂಡಲ್ಲೇ ಕೆಟ್ಟ ಯಂತ್ರಕ್ಕೆ ಹಣ ಸುರಿಯುವುದು ವ್ಯರ್ಥ. ಅಹೋರಾತ್ರಿ ಸಾವಿರಾರು ತುಂಡು ಬೇಕಾದ ಕಡೆ ಹೊಸ ಯಂತ್ರವೇ ಲೇಸು.

ಈ ಬದಲಾವಣೆಯಿಂದ ಎಲ್ಲರಿಗೂ ಒಳಿತಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೈಚಕ್ರ ಬಿಚ್ಚಿದ ದಿನ, ಅದನ್ನು ನಂಬಿ ಮಕ್ಕಳನ್ನು ಓದಿಸುತ್ತಿದ್ದವನ ಎದೆ ಝಲ್ಲೆಂದಿರಬೇಕು. ಕೆಲವರು ನಡುವಯಸ್ಸಿನಲ್ಲಿ ಅಂಕಿಗಳ ಹೊಸ ಭಾಷೆ ಕಲಿತರು. ಕೆಲವರಿಗೆ ಆಗಲಿಲ್ಲ, ಮನೆಗೆ ಹೋದರು. ಹೋಗುವಾಗ ತಮ್ಮ ವಿದ್ಯೆಯನ್ನೂ ಜೊತೆಗೇ ಒಯ್ದರು. ನಿಜವಾದ ನಷ್ಟ ಇದು. ಗಣಕವನ್ನು ಯಾವ ದೇಶದಿಂದಲಾದರೂ ತರಿಸಬಹುದು. ಅಂಗೈಯಿಂದ ಸವಕಲನ್ನು ತಿಳಿಯುವ ವಿದ್ಯೆಯನ್ನು ತರಿಸಲು ಅಂಗಡಿಯಿಲ್ಲ.

ಅಂಥ ಹಿರಿಯರು ನಮ್ಮ ಸಂಘದ ಕುಟುಂಬಗಳಲ್ಲಿಯೂ ಇದ್ದಾರೆ. ಹಬ್ಬದ ದಿನ ಮೂಲೆಯ ಕುರ್ಚಿಯಲ್ಲಿ ಕುಳಿತು ನಾಟಕ ನೋಡಿ, ಊಟ ಮಾಡಿ ಹೋಗುತ್ತಾರೆ. ನಮ್ಮ ತರುಣರು ಅವರ ಬಳಿ ಕುಳಿತು ಕೇಳಲಿ: ಜಿಬ್ ಎಷ್ಟು ಬಿಗಿಯಬೇಕು, ಕಟ್ಟರಿನ ಯಾವ ಸದ್ದು ಅಪಾಯದ ಸದ್ದು, ನೀಲಿ ಎಷ್ಟು ತೆಳ್ಳಗೆ ಸವರಬೇಕು. ಕೇಳಿದ್ದನ್ನು ಕನ್ನಡದಲ್ಲಿಯೇ ಬರೆದಿಡಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಒಂದು ಪುಟವಾದರೂ ಅಚ್ಚಾದರೆ, ಈ ಲೇಖನ ಬರೆದ ಶ್ರಮ ಸಾರ್ಥಕವೆಂದು ತಿಳಿಯುತ್ತೇನೆ.