ಮೋಹನಸ್ವಾಮಿ ನಮ್ಮ ಮನೆಗೆ ಬಂದದ್ದು

ಬಾಶೆಟ್ಟಿಹಳ್ಳಿ ಎಂದರೆ ದೊಡ್ಡಬಳ್ಳಾಪುರದ ರಸ್ತೆಯ ಕಾರ್ಖಾನೆಗಳು ಅಂತಷ್ಟೇ ಬಹಳ ಜನಕ್ಕೆ ಗೊತ್ತು. ಯಜಮಾನರು ಶಿಫ್ಟಿಗೆ ಹೋದ ಮೇಲೆ ಸಂಜೆಯವರೆಗೆ ನಮಗೆ ಕಥೆ ಕಾದಂಬರಿಗಳೇ ಗತಿ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಎಲ್ಲರನ್ನೂ ಓದಿದ್ದು ಹಾಗೆಯೇ. ಬಾಡಿಗೆ ಪುಸ್ತಕದ ಕೊನೆಯ ಹಾಳೆ ಹರಿದಿದ್ದರೆ ಅಂತ್ಯವನ್ನು ನಾವೇ ಊಹಿಸಿಕೊಳ್ಳುತ್ತಿದ್ದೆವು.

ಸಂಡೂರಿನ ವಸುಧೇಂದ್ರರು ನಮಗೆ ಮನೆಯ ಹುಡುಗನಂತಾಗಿದ್ದು ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದಿಂದ. ಒಂದೇ ಪ್ರತಿ ನಮ್ಮ ಬೀದಿಯ ಏಳೆಂಟು ಮನೆ ಸುತ್ತಿತು. ಹೀಗಾಗಿ 2013ರಲ್ಲಿ ‘ಮೋಹನಸ್ವಾಮಿ’ ಬಂತೆಂದು ಕೇಳಿದಾಗ ಹಿಂದೆ ಮುಂದೆ ನೋಡದೆ ತರಿಸಿದೆ. ತೆರೆದರೆ ಗಂಡು ಗಂಡನ್ನು ಪ್ರೀತಿಸುವ ಕಥೆಗಳು! ತಕ್ಷಣ ನಾನು ಮಾಡಿದ ಕೆಲಸ, ಪುಸ್ತಕಕ್ಕೆ ಹಳೇ ಪೇಪರಿನ ರಟ್ಟು ಹಾಕಿದ್ದು.

ಬಚ್ಚಿಟ್ಟವಳು ನಾನೊಬ್ಬಳೇ ಅಲ್ಲ. ಈ ಕಥೆ 2009ರಲ್ಲಿ ವಿವೇಕ ಶಾನಭಾಗರ ಸಂಪಾದಕತ್ವದ ‘ದೇಶ ಕಾಲ’ದಲ್ಲಿ ಮೊದಲು ಅಚ್ಚಾದಾಗ ಅದರ ಮೇಲಿದ್ದದ್ದು ಷಣ್ಮುಖ ಎಂಬ ಹೆಸರು. ಸ್ವಂತ ಹೆಸರು ಹಾಕಿ ಸಂಕಲನ ತರಲು ಲೇಖಕರಿಗೆ ನಾಲ್ಕು ವರ್ಷ ಹಿಡಿಯಿತು. ಕಾನೂನೂ ಆಗ ಉಯ್ಯಾಲೆಯಾಡುತ್ತಿತ್ತು. 377ನೇ ಕಲಮಿನ ಪ್ರಕಾರ ಇಂಥ ಸಂಬಂಧ ಅಪರಾಧವಲ್ಲವೆಂದು 2009ರ ಜುಲೈ 2ರಂದು ದೆಹಲಿ ಹೈಕೋರ್ಟು ಹೇಳಿತು, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಪುಸ್ತಕ ಬಂದ ವರ್ಷವೇ ನೋಡಿ.

ಇದರಲ್ಲಿ ನಮ್ಮಂಥವರಿಗೆ ಹಿಡಿಸುವುದಾದರೂ ಏನು ಎಂದು ಪಕ್ಕದ ಮನೆಯಾಕೆ ಕೇಳಿದ್ದಳು. ಹೇಳುತ್ತೇನೆ. ನಾವು ಓದಿದ ಪ್ರೇಮಕಥೆಗಳಲ್ಲಿ ಅಡುಗೆ ಮಾಡಿಟ್ಟು ದಾರಿ ಕಾಯುವವಳು ಯಾವಾಗಲೂ ಹೆಣ್ಣೇ. ಇಲ್ಲಿ ಆ ಜಾಗದಲ್ಲಿ ಒಬ್ಬ ಗಂಡಸು ಕೂತಿದ್ದಾನೆ. ಜೊತೆಯಲ್ಲೇ ವಾಸವಿರುವ ಕಾರ್ತಿಕನ ಮುಖದ ಒಂದೊಂದು ಬದಲಾವಣೆಯನ್ನೂ ಮೋಹನಸ್ವಾಮಿ ಲೆಕ್ಕವಿಡುತ್ತಾನೆ. ಅಂಥ ಲೆಕ್ಕ ಇಡದ ಹೆಂಗಸು ಯಾರಿದ್ದಾಳೆ? ಹುಡುಗಾಟದ ವಯಸ್ಸಿನಲ್ಲಿ ಸೈಕಲ್ಲು ಬಾರದೆ ಹಂಗಿಸಿಕೊಂಡವನು ಕೊನೆಯ ಕಥೆಯಲ್ಲಿ ಕಿಲಿಮಂಜಾರೋ ಹತ್ತುವಾಗ ನನಗಂತೂ ಅಳುವೇ ಬಂತು. ಆದರೆ ನನ್ನನ್ನು ನಿದ್ದೆಗೆಡಿಸಿದ್ದು ‘ಕಗ್ಗಂಟು’. ಕಾರ್ತಿಕ ಒಂದು ಹುಡುಗಿಯನ್ನು ಮದುವೆಯಾಗಲು ಒಪ್ಪುತ್ತಾನೆ.

ನನ್ನ ಚಿಕ್ಕಮ್ಮನ ಮಗ ಬೆಂಗಳೂರಲ್ಲಿ ಸ್ನೇಹಿತನ ಜೊತೆ ರೂಮು ಮಾಡಿಕೊಂಡಿದ್ದ. ಭಾನುವಾರ ಬಂದರೆ, “ಅಕ್ಕಾ, ಅವನಿಗೂ ಒಂಚೂರು ಹುಳಿ ಹಾಕಿಕೊಡು” ಎಂದು ಕ್ಯಾರಿಯರ್ ಚಾಚುತ್ತಿದ್ದ. ಮದುವೆ ಬೇಡ ಬೇಡ ಎಂದವನನ್ನು ಕೂರಿಸಿಕೊಂಡು, ಚಿಕ್ಕಮ್ಮ ಸಾಯುವ ಮಾತಾಡುತ್ತಾರೆ ಕಣೋ ಎಂದು ಹೆದರಿಸಿ ಒಪ್ಪಿಸಿದವಳು ನಾನು. ಹೆಣ್ಣು ನೋಡಿದ್ದೂ ನಾನೇ. ಮದುವೆಮನೆಯಲ್ಲಿ ಆ ಸ್ನೇಹಿತ ಎಲ್ಲರಿಗಿಂತ ಹೆಚ್ಚು ಓಡಾಡಿದ. ಧಾರೆಯ ಹೊತ್ತಿಗೆ ಹುಡುಕಿದರೆ ಇರಲಿಲ್ಲ.

ಎಂಟು ತಿಂಗಳಿಗೆ ಹುಡುಗಿ ತವರಿಗೆ ಹೋದವಳು ಮತ್ತೆ ಬರಲಿಲ್ಲ. ಹೊಂದಿಕೊಳ್ಳುವ ಗುಣವಿಲ್ಲ ಎಂದು ಎಲ್ಲರೂ ಆಡಿಕೊಂಡರು. ಎಲ್ಲರಿಗಿಂತ ಜೋರಾಗಿ ಆಡಿಕೊಂಡವಳು ಹೆಣ್ಣು ತಂದ ನಾನು. ಹೊರಟಾಗ ಅವಳು ನನಗೆ ಏನೋ ಹೇಳಲು ಬಾಗಿಲಲ್ಲಿ ನಿಂತಿದ್ದಳು, ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ತಮ್ಮನ ಮನಸ್ಸಿನಲ್ಲಿ ಏನಿತ್ತೆಂದು ಅವನು ಇವತ್ತಿಗೂ ಹೇಳಿಲ್ಲ, ನಾನು ಕೇಳಿಲ್ಲ. ಆದರೆ ಆ ಕಥೆ ಓದಿದ ರಾತ್ರಿ ನನಗೆ ನೆನಪಾದದ್ದು ತಮ್ಮನಲ್ಲ, ಬಾಗಿಲಲ್ಲಿ ನಿಂತವಳು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅಂಥ ಪ್ರೀತಿ ಅಪರಾಧವಲ್ಲವೆಂದು ಹೇಳಿದಾಗ ಚಿಕ್ಕಮ್ಮ ನಮ್ಮ ಮನೆಯಲ್ಲೇ ಇದ್ದರು. (ಅಂಥವರ ಮದುವೆಗೆ ಮಾನ್ಯತೆ ಮಾತ್ರ 2023ರ ತೀರ್ಪಿನಲ್ಲೂ ಸಿಗಲಿಲ್ಲ.) ಟಿ.ವಿ. ನೋಡಿ ಅವರು ಏನೂ ಅನ್ನಲಿಲ್ಲ. ನಾನು ರಟ್ಟು ಬಿಚ್ಚಿ ಪುಸ್ತಕವನ್ನು ಅವರ ಹಾಸಿಗೆಯ ಹತ್ತಿರ ಇಟ್ಟೆ.

ನಾಲ್ಕು ದಿನ ಕನ್ನಡಕ ಹಾಕಿಕೊಂಡು ಓದಿದರು. ಐದನೆಯ ದಿನ ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಕೇಳಿದರು:

“ಅಲ್ಲ ಕಣೇ, ಆ ಹುಡುಗಿ ಈಗ ಎಲ್ಲಿದ್ದಾಳೋ?”