ಲೇಕ್ ಡಿಸ್ಟ್ರಿಕ್ಟ್: ವಾಹನಗಳ ಗೋಜಿಲ್ಲದ ಸೈಕಲ್ ದಾರಿಗಳು

ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾ ಪ್ರಾಂತದಲ್ಲಿರುವ ಲೇಕ್ ಡಿಸ್ಟ್ರಿಕ್ಟ್ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್ (978 ಮೀಟರ್), ಅತಿ ದೊಡ್ಡ ಸಹಜ ಸರೋವರ ವಿಂಡರ್‌ಮಿಯರ್, ಅತಿ ಆಳದ ವಾಸ್ಟ್‌ವಾಟರ್ ಮೂರೂ ಇಲ್ಲೇ ಇವೆ. ಕಣಿವೆಗಳು ಇಕ್ಕಟ್ಟು. ಡಾಂಬರು ರಸ್ತೆಗಳೂ ಹಾಗೆಯೇ; ಹಲವು ಕಡೆ ಎರಡೂ ಬದಿಗೆ ಕಲ್ಲಿನ ಗೋಡೆ, ಬೇಸಿಗೆ ಬಂತೆಂದರೆ ನಡುವೆ ಕಾರುಗಳ ಸಾಲು. ಸೈಕಲ್ಲಿನವರಿಗೆ ನೆಮ್ಮದಿ ಬೇಕಾದರೆ ಡಾಂಬರು ಬಿಟ್ಟು ಇಳಿಯಬೇಕು.

ಹಾಗೆ ಇಳಿದಾಗ ಸಿಗುವ ಜಲ್ಲಿದಾರಿಗಳಲ್ಲಿ ಹೆಚ್ಚಿನವನ್ನು ಸೈಕಲ್ಲಿಗೆಂದು ಯಾರೂ ಮಾಡಿದ್ದಲ್ಲ. ರೈಲು ಓಡಿದ, ಮರದ ದಿಮ್ಮಿ ಸಾಗಿದ, ಹೇರುಕುದುರೆಗಳು ನಡೆದ ಹಳೆಯ ದುಡಿಮೆಯ ದಾರಿಗಳು ಇವು. ದಾರಿ ಏನು ಹೊರಲು ಹುಟ್ಟಿತೆಂಬುದನ್ನು ತಿಳಿದರೆ ಅದರ ಏರು, ಅಗಲ, ಕಲ್ಲಿನ ಗುಣ ಬಹುಮಟ್ಟಿಗೆ ಊಹೆಗೆ ಸಿಗುತ್ತದೆ.

ದಾರಿಯ ಮೇಲೆ ಯಾರಿಗೆ ಹಕ್ಕು

ಜಲ್ಲಿ ಹಾಸಿದೆ ಎಂದ ಮಾತ್ರಕ್ಕೆ ಸೈಕಲ್ ಓಡಿಸಬಹುದು ಎಂದಲ್ಲ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ದಾರಿಗಳನ್ನು ಕಾನೂನು ವಿಂಗಡಿಸಿದೆ. ಕಂಬಕ್ಕೆ ಬಡಿದ ಬಾಣದ ಗುರುತಿನ ಬಣ್ಣ ನೋಡಿಯೇ ತಿಳಿಯಬಹುದು. ಹಳದಿ ಬಾಣ ಕಾಲುದಾರಿಯದು, ಅಲ್ಲಿ ಸೈಕಲ್ಲಿಗೆ ಹಕ್ಕಿಲ್ಲ. ನೀಲಿ ಬಾಣದ ಕುದುರೆದಾರಿಯಲ್ಲಿ 1968ರ ಗ್ರಾಮಾಂತರ ಕಾಯ್ದೆ ಸೈಕಲ್ಲಿಗೆ ಹಕ್ಕು ಕೊಟ್ಟಿತು, ಜೊತೆಗೆ ಒಂದು ಷರತ್ತನ್ನೂ ಹಾಕಿತು: ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವರು ದಾರಿ ಬಿಟ್ಟುಕೊಡಬೇಕು. ನೇರಳೆ ಬಾಣವಿದ್ದಲ್ಲಿ ಕುದುರೆಗಾಡಿಯೂ ಹೋಗಬಹುದು, ಮೋಟಾರು ವಾಹನ ಕೂಡದು. ಕೆಂಪು ಬಾಣದ ದಾರಿಗೆ ಜೀಪೂ ಬರಬಹುದು, ಮೋಟಾರ್ ಸೈಕಲ್ಲೂ ಬರಬಹುದು.

ಹೀಗಾಗಿ ವಾಹನಮುಕ್ತ ಎಂಬುದನ್ನು ನೆಲ ನೋಡಿ ತೀರ್ಮಾನಿಸಲಾಗದು. ಒರಟು ಕಲ್ಲಿನ ಏರಿನಲ್ಲಿ ಎದುರಿಗೆ ಜೀಪು ಬಂದೀತು. ನುಣುಪಾದ ಕಾಡುದಾರಿಯಲ್ಲಿ ದಿನವಿಡೀ ಒಂದು ವಾಹನವೂ ಕಾಣದಿರಬಹುದು.

ಕೆಸ್ವಿಕ್‌ನಿಂದ ಥ್ರೆಲ್ಕೆಲ್ಡ್: ರೈಲು ಬಿಟ್ಟುಹೋದ ದಾರಿ

ಕಾಕರ್‌ಮೌತ್, ಕೆಸ್ವಿಕ್, ಪೆನ್ರಿತ್ ಊರುಗಳನ್ನು ಬೆಸೆದ ರೈಲು 1860ರ ದಶಕದಲ್ಲಿ ಶುರುವಾಯಿತು. ಕೆಸ್ವಿಕ್‌ನಿಂದ ಪೆನ್ರಿತ್‌ಗೆ ಉಳಿದಿದ್ದ ಕೊನೆಯ ಭಾಗ 1972ರಲ್ಲಿ ಮುಚ್ಚಿತು. ಹಳಿ ಕಿತ್ತ ಮೇಲೆ ಕೆಸ್ವಿಕ್ ಮತ್ತು ಥ್ರೆಲ್ಕೆಲ್ಡ್ ನಡುವಿನ ಸುಮಾರು 5 ಕಿ.ಮೀ. ನಡಿಗೆ ಹಾಗೂ ಸೈಕಲ್ಲಿನ ದಾರಿಯಾಯಿತು. ಉಗಿಬಂಡಿ ಕಡಿದಾದ ಏರು ಹತ್ತಲಾರದು. ಅದಕ್ಕಾಗಿ ಗುಡ್ಡ ಕಡಿದು, ತಗ್ಗು ತುಂಬಿಸಿ ಸಮಮಾಡಿದ ನೆಲ ಇಂದು ಮಕ್ಕಳಿಗೂ ವಯಸ್ಸಾದವರಿಗೂ ಅನುಕೂಲವಾಗಿದೆ. ಗ್ರೇಟಾ ನದಿ ಈ ದಾರಿಗೆ ಮತ್ತೆ ಮತ್ತೆ ಅಡ್ಡ ಸಿಗುತ್ತದೆ; ಪ್ರತಿ ಬಾರಿಯೂ ಹಳೆಯ ಕಬ್ಬಿಣದ ಸೇತುವೆಯೋ ಹೊಸದೋ ಒಂದು ದಾಟಿಸುತ್ತದೆ.

2015ರ ಡಿಸೆಂಬರ್ 5ರಂದು ಡೆಸ್ಮಂಡ್ ಚಂಡಮಾರುತ ಬಂತು. ಹತ್ತಿರದ ಹೊನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಗಳಲ್ಲಿ 341.4 ಮಿ.ಮೀ. ಮಳೆ ಸುರಿದು ಬ್ರಿಟನ್ನಿನ ದಾಖಲೆಯಾಯಿತು. ಉಕ್ಕಿದ ಗ್ರೇಟಾ ಎರಡು ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ದಾರಿ ಪೂರ್ತಿಯಾಗಿ ಮತ್ತೆ ತೆರೆದದ್ದು 2020ರ ಡಿಸೆಂಬರ್‌ನಲ್ಲಿ. ಆ ದುರಸ್ತಿಯ ವೇಳೆ, 1970ರ ದಶಕದಲ್ಲಿ ಹೆದ್ದಾರಿ ಕಟ್ಟುವಾಗ ಮಣ್ಣು ಮುಚ್ಚಿದ್ದ ಬಾಬಿನ್ ಮಿಲ್ ಸುರಂಗವನ್ನೂ ಅಗೆದು ತೆಗೆದರು.

ಮರಳಿ ಕಟ್ಟಿದಾಗ ಜಲ್ಲಿಯ ಬದಲು ಡಾಂಬರು ಹಾಕಿದ್ದು ಸ್ಥಳೀಯವಾಗಿ ದೊಡ್ಡ ಜಟಾಪಟಿಗೆ ಕಾರಣವಾಯಿತು. ಹಳ್ಳಿಗಾಡಿನ ಕಳೆ ಹೋಯಿತು, ಸೈಕಲ್ಲಿನವರ ವೇಗ ಹೆಚ್ಚಿತು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಇಲ್ಲಿ ಡಾಂಬರೇ ಸರಿ ಎಂಬುದು ನನ್ನ ನಿಲುವು. ಗಾಲಿಕುರ್ಚಿಯಲ್ಲಿ ಬಂದವರು ಯಾರ ನೆರವೂ ಇಲ್ಲದೆ ನದಿಯ ಮೇಲಿನ ಸೇತುವೆಯ ತನಕ ಹೋಗಿ ಬರಬಲ್ಲ ದಾರಿಗಳು ಈ ಬೆಟ್ಟನಾಡಿನಲ್ಲಿ ತೀರಾ ವಿರಳ. ಜಲ್ಲಿಯ ಸೊಗಸು ಬೇಕೆನ್ನುವವರಿಗೆ ಬೇರೆ ಕಣಿವೆಗಳಿವೆ.

ವಿಂಡರ್‌ಮಿಯರ್‌ನ ಪಶ್ಚಿಮ ದಡ

ಸರೋವರದ ಪೂರ್ವ ದಡದಲ್ಲಿ ಹೆದ್ದಾರಿ, ಹೋಟೆಲು, ಜನಜಂಗುಳಿ. ಪಶ್ಚಿಮ ದಡದಲ್ಲಿ ಓಕ್ ಮರಗಳ ಕಾಡು. ಬೋನೆಸ್ ಬಳಿ ‘ಮಲ್ಲಾರ್ಡ್’ ಎಂಬ ದೋಣಿ ನೀರಿನಡಿಯ ಕೇಬಲ್ ಹಿಡಿದು ಆಚೆ ಈಚೆ ಓಡಾಡುತ್ತದೆ, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತದೆ. ಆಚೆ ದಡದಿಂದ ಉತ್ತರಕ್ಕೆ ರೇ ಕೋಟೆಯವರೆಗೆ ಸುಮಾರು 6 ಕಿ.ಮೀ. ದಾರಿ. ಕೆಲವು ಕಡೆ ಅಲೆ ಬಡಿಯುವ ಸದ್ದು ಗಾಲಿಯ ಪಕ್ಕದಲ್ಲೇ ಕೇಳುವಷ್ಟು ನೀರಿಗೆ ಹತ್ತಿರ. ಮೊದಲ ಭಾಗ ನುಣುಪಾಗಿದೆ. ಮುಂದೆ ಬೇರು, ಬಿಡಿಗಲ್ಲು, ಸಣ್ಣ ಏರುಗಳು. ಇಲ್ಲಿನ ಜಮೀನು ಮತ್ತು ಕೋಟೆ ಎರಡೂ ಪರಂಪರೆಯ ತಾಣಗಳನ್ನು ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನವು. ಮಕ್ಕಳ ಕಥೆಗಳ ಬಿಯಾಟ್ರಿಕ್ಸ್ ಪಾಟರ್ ಈ ಸೀಮೆಗೆ ಮೊದಲು ಬಂದದ್ದು 1882ರಲ್ಲಿ, ಇದೇ ಕೋಟೆಯನ್ನು ಅವರ ಕುಟುಂಬ ಬಾಡಿಗೆಗೆ ಹಿಡಿದಾಗ.

ಗ್ರೈಜ್‌ಡೇಲ್ ಕಾಡು

ವಿಂಡರ್‌ಮಿಯರ್ ಮತ್ತು ಕಾನಿಸ್ಟನ್ ಸರೋವರಗಳ ನಡುವಿನ ಗುಡ್ಡದ ಮೇಲೆ ಸುಮಾರು 24 ಚದರ ಕಿ.ಮೀ. ಹರಡಿದ ಸರ್ಕಾರಿ ಕಾಡು ಇದು. ದಿಮ್ಮಿ ಹೊತ್ತ ಲಾರಿಗಳಿಗಾಗಿ ಮಾಡಿದ ಅಗಲದ ಜಲ್ಲಿರಸ್ತೆಗಳು ಸಾರ್ವಜನಿಕ ವಾಹನಗಳಿಗೆ ಮುಚ್ಚಿವೆ, ಸೈಕಲ್ಲಿಗೆ ತೆರೆದಿವೆ. ಮರ ಕಡಿಯುವ ದಿನಗಳಲ್ಲಿ ಮಾತ್ರ ಲಾರಿ ಬಂದೀತು. ಆಗ ಹಾಕುವ ತಡೆಫಲಕವನ್ನು ದಾಟಬಾರದು. 1977ರಿಂದ ಇಲ್ಲಿ ಕಾಡಿನೊಳಗೇ ಶಿಲ್ಪಗಳನ್ನು ಇಡುತ್ತಾ ಬಂದಿದ್ದಾರೆ. ಪಶ್ಚಿಮಕ್ಕೆ ಇಳಿದರೆ ಕಾನಿಸ್ಟನ್ ದಡದಲ್ಲಿ ಬ್ರಾಂಟ್‌ವುಡ್ ಮನೆ ಸಿಗುತ್ತದೆ: ಗಾಂಧೀಜಿಯವರನ್ನು ಸರ್ವೋದಯದ ವಿಚಾರಕ್ಕೆ ಒಯ್ದ ಜಾನ್ ರಸ್ಕಿನ್ ಕೊನೆಯವರೆಗೂ ಬಾಳಿದ ಮನೆ.

ಎನ್ನರ್‌ಡೇಲ್: ಕಾರು ಹೋಗದ ಕಣಿವೆ

ಒಂದೇ ದಿನ ಕೈಯಲ್ಲಿದ್ದರೆ ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಎನ್ನರ್‌ಡೇಲ್. ಪಶ್ಚಿಮ ತುದಿಯ ಈ ಕಣಿವೆಯಲ್ಲಿ ಪ್ರವಾಸಿಗರ ಕಾರುಗಳು ಬೋನೆಸ್ ನಾಟ್ ನಿಲುಗಡೆಯಲ್ಲೇ ನಿಲ್ಲಬೇಕು. ಅಲ್ಲಿಂದ ಕಣಿವೆಯ ಸರೋವರದ ಉತ್ತರ ದಡ ಹಿಡಿದು, ಗಿಲ್ಲರ್‌ತ್ವೇಟ್ ದಾಟಿ, ಲೈಜಾ ನದಿಯ ಮಗ್ಗುಲಲ್ಲಿ ಕಣಿವೆಯ ನೆತ್ತಿಯವರೆಗೆ ಕಾಡಿನ ಜಲ್ಲಿದಾರಿ. ಏರು ನಿಧಾನ. ಹೋದಂತೆ ಮರಗಳು ವಿರಳವಾಗಿ, ಪಿಲ್ಲರ್ ಮತ್ತು ಗ್ರೇಟ್ ಗೇಬಲ್ ಬೆಟ್ಟಗಳು ಎದುರಾಗುತ್ತವೆ. ಕೊನೆಯಲ್ಲಿ ಸಿಗುವ ಬ್ಲ್ಯಾಕ್ ಸೇಲ್ ಯೂತ್ ಹಾಸ್ಟೆಲ್ ಹಿಂದೆ ಕುರಿಗಾಹಿಗಳ ಗುಡಿಸಲಾಗಿತ್ತು. ಅತಿಥಿಗಳು ಇಂದಿಗೂ ನಡೆದೋ ಸೈಕಲ್ ತುಳಿದೋ ಬರಬೇಕು.

1920ರ ದಶಕದಿಂದ ಇಲ್ಲಿ ಸ್ಪ್ರೂಸ್ ಮುಂತಾದ ಹೊರಗಿನ ಮರಗಳ ನೆಡುತೋಪು ಬೆಳೆಸಿದ್ದರು. 2003ರಲ್ಲಿ ಅರಣ್ಯ ಇಲಾಖೆ, ನ್ಯಾಷನಲ್ ಟ್ರಸ್ಟ್ ಹಾಗೂ ನೀರು ಸರಬರಾಜು ಸಂಸ್ಥೆ ಒಟ್ಟಾಗಿ ‘ವೈಲ್ಡ್ ಎನ್ನರ್‌ಡೇಲ್’ ಯೋಜನೆ ಆರಂಭಿಸಿದವು. ಕಣಿವೆಯ ಆಕಾರವನ್ನು ಆದಷ್ಟೂ ಪ್ರಕೃತಿಗೇ ಬಿಟ್ಟುಕೊಡುವುದು ಅದರ ಉದ್ದೇಶ. ಗ್ಯಾಲೋವೇ ತಳಿಯ ಕಪ್ಪು ದನಗಳು ಕಾಡಿನಲ್ಲಿ ಮೇಯುತ್ತವೆ. ಲೈಜಾ ತನಗೆ ತೋಚಿದಂತೆ ಪಾತ್ರ ಬದಲಿಸುತ್ತದೆ. ಇಂಥ ಕಡೆ ದಾರಿ ಒರಟಾಗಿಯೇ ಇರಲಿ.

ಹಳೆಯ ಸಾರೋಟು ರಸ್ತೆಯ ವಿಚಾರ

ಮ್ಯಾಟರ್‌ಡೇಲ್‌ನಿಂದ ಥ್ರೆಲ್ಕೆಲ್ಡ್ ಕಡೆಗೆ ಬೋಳುಗುಡ್ಡದ ಮೇಲೆ ಸಾಗುವ ‘ಓಲ್ಡ್ ಕೋಚ್ ರೋಡ್’ ಸೈಕಲ್ಲಿಗರ ನಡುವೆ ಹೆಸರಾದದ್ದು. ಚೆಲುವಾದ ದಾರಿ, ಆದರೆ ವಾಹನಮುಕ್ತವಲ್ಲ. ಇಂಥ ಕಲ್ಲುದಾರಿಗಳಿಗೆ ಜೀಪುಗಳನ್ನು ಬಿಡಬೇಕೇ ಎಂಬ ವಿವಾದ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಮಕ್ಕಳೊಂದಿಗೆ ಹೊರಟವರು ಇದನ್ನು ಪಟ್ಟಿಯಿಂದ ಬಿಡುವುದು ಲೇಸು.

ಮಳೆ, ಟೈರು, ತಯಾರಿ

ಬಾರೋಡೇಲ್ ಕಣಿವೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ. ಆಗುಂಬೆಯ ಅರ್ಧದಷ್ಟೂ ಇಲ್ಲ, ನಿಜ. ಆದರೆ ಅಲ್ಲಿ ಮಳೆಗಾಲವೆಂದು ಬೇರೆಯಿಲ್ಲ, ವರ್ಷವಿಡೀ ಸುರಿಯುತ್ತದೆ. ಜಲ್ಲಿದಾರಿಯನ್ನು ಹಾಳುಮಾಡುವುದು ಗಾಲಿಗಿಂತ ಹೆಚ್ಚಾಗಿ ನೀರು. ದಾರಿಯ ನಡು ಉಬ್ಬಿರಬೇಕು, ಬದಿಯ ಚರಂಡಿ ತೆರೆದಿರಬೇಕು, ಅಡಿಯ ಮೋರಿ ಕಟ್ಟಿಕೊಂಡಿರಬಾರದು. ಇದರಲ್ಲಿ ಒಂದು ತಪ್ಪಿದರೂ ಸಣ್ಣ ಪುಡಿಯೆಲ್ಲ ಕೊಚ್ಚಿಹೋಗಿ ದಪ್ಪ ಕಲ್ಲು ಮೇಲೇಳುತ್ತದೆ.

ಅದಕ್ಕೇ 40 ಮಿ.ಮೀ. ಆಸುಪಾಸಿನ ಅಗಲದ ಟೈರು, ತುಸು ಕಡಿಮೆ ಗಾಳಿ ಇದ್ದರೆ ಒಳ್ಳೆಯದು. ರೇಸಿಂಗ್ ಸೈಕಲ್ಲಿನ ತೆಳು ಟೈರು ಕೆಸ್ವಿಕ್ ದಾರಿಗೆ ಸಾಕು, ಎನ್ನರ್‌ಡೇಲ್‌ಗೆ ಸಾಲದು. ರೈಲಿನಲ್ಲಿ ಬರುವವರಿಗೆ ವಿಂಡರ್‌ಮಿಯರ್ ಮತ್ತು ಪೆನ್ರಿತ್ ನಿಲ್ದಾಣಗಳು ಹತ್ತಿರ. ಲಂಡನ್ನಿನಿಂದ ಬರುವ ದೂರದ ರೈಲುಗಳಲ್ಲಿ ಸೈಕಲ್ಲಿಗೂ ಮುಂಚಿತವಾಗಿ ಜಾಗ ಕಾದಿರಿಸಿಕೊಳ್ಳಬೇಕು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲವಾದ್ದರಿಂದ ಆರ್ಡ್‌ನನ್ಸ್ ಸರ್ವೆಯ ಕಾಗದದ ನಕ್ಷೆಯೊಂದು ಚೀಲದಲ್ಲಿರಲಿ. ದೊಡ್ಡ ಮಳೆಯ ಮರುದಿನ ಹೊರಡುವ ಮುನ್ನ ಸೇತುವೆ, ದಾರಿ ತೆರೆದಿವೆಯೇ ಎಂದು ವಿಚಾರಿಸಿಕೊಳ್ಳಿ.